ಕೆಳಗೆ ನೋಡುವ ಕೆಲಸ

ರನ್‌ವೇ ಮೇಲೆ ಏನಾದರೂ ಸತ್ತರೆ ಲುಂಬಿನಿಯನ್ನು ಕರೆಯುತ್ತಿದ್ದರು. ಬದುಕಿದ್ದನ್ನು ನೋಡಲಿಕ್ಕೆ ಬೇರೆಯವರಿದ್ದರು.

ವಾಡಿಗೂ ಶಹಾಬಾದಿಗೂ ನಡುವಿನ ಬಯಲಲ್ಲಿ ಆ ಸಣ್ಣ ವಿಮಾನ ನಿಲ್ದಾಣ ಎದ್ದು ಆರು ವರ್ಷವಾಗಿತ್ತು. ಬೆಳಿಗ್ಗೆ ಒಂದು ವಿಮಾನ ಇಳಿದು ಏಳುತ್ತಿತ್ತು, ಸಂಜೆ ಒಂದು. ಉಳಿದ ಹೊತ್ತೆಲ್ಲ ಆ ಬಯಲು ಹಕ್ಕಿಗಳದು, ಮೊಲಗಳದು, ಬೇಲಿ ನುಸುಳಿ ಬರುವ ನಾಯಿಗಳದು. ಒಂದು ಹಕ್ಕಿ ಎಂಜಿನ್ನಿಗೆ ಸಿಕ್ಕರೆ ವಿಮಾನವೇ ಉರುಳಬಹುದು. ಅದನ್ನು ತಪ್ಪಿಸಲಿಕ್ಕೆ ಒಂದು ವಿಭಾಗವಿತ್ತು. ಬಾಗಿಲ ಮೇಲೆ ನೀಲಿ ಫಲಕ: ವನ್ಯಜೀವಿ ಅಪಾಯ ನಿರ್ವಹಣೆ. ಒಳಗೆ ಇಬ್ಬರೇ. ಸೂಪರ್‌ವೈಸರ್ ಅರುಣಕುಮಾರ, ಬಿ.ಎ. ಹೆಲ್ಪರ್ ಲುಂಬಿನಿ, ಎಂ.ಎಸ್ಸಿ., ಪ್ರಾಣಿಶಾಸ್ತ್ರ.

ಸಂದರ್ಶನಕ್ಕೆಂದು ಅವಳು ಮೂರು ವಾರ ಓದಿದ್ದಳು. ಯಾವ ಹಕ್ಕಿ ಯಾವ ತಿಂಗಳು ಬರುತ್ತದೆ, ಎಷ್ಟು ಎತ್ತರಕ್ಕೆ ಹಾರುತ್ತದೆ, ಹುಲ್ಲು ಎಷ್ಟು ಬೆಳೆದರೆ ಇಳಿಯುವುದಿಲ್ಲ. ಮೇಜಿನ ಆಚೆ ಕುಳಿತವರು ಹೆಸರು ಕೇಳಿದರು. ಊರು ಕೇಳಿದರು. ಆಮೇಲೆ, ಊರಲ್ಲಿ ಯಾವ ಓಣಿ ಎಂದು ಕೇಳಿದರು. ಅವಳು ಹೇಳಿದಳು. ಹಕ್ಕಿಯ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಮೊದಲ ದಿನ ಅವಳ ಕೊರಳಲ್ಲಿ ದುರ್ಬೀನಿತ್ತು. ಅರುಣಕುಮಾರ ಅದನ್ನು ನೋಡಿದ.

"ನಿಂದಾ?"

"ಹೌದ್ರಿ ಸರ್. ಸ್ಕಾಲರ್‌ಶಿಪ್ ರೊಕ್ಕದಾಗ ತಗೊಂಡಿದ್ದು."

"ಛಲೋ ಅದ. ಇಲ್ಲಿ ಕೊಡು. ಆಫೀಸಿನ ಕೆಲಸಕ್ಕ ಬೇಕಾಗ್ತದ."

"ಸರ್, ನಂಗ..."

"ನಿಂಗ್ಯಾಕ? ಮ್ಯಾಲ ನೋಡೋ ಕೆಲಸ ನಂದು. ನಿಂದು ಕೆಳಗ ನೋಡೋದು."

ದುರ್ಬೀನು ಅವನ ಕೊರಳಿಗೆ ಹೋಯಿತು. ಅವಳಿಗೆ ಒಂದು ಸಲಿಕೆ, ಒಂದು ಗೋಣಿಚೀಲ, ಒಂದು ಜೊತೆ ಕೈಗವಸು ಸಿಕ್ಕವು. ಅದಾಗಿ ಎರಡು ವರ್ಷ.

ಮೇ ತಿಂಗಳಲ್ಲಿ ರನ್‌ವೇ ಡಾಂಬರು ಕೆಂಡವಾಗುತ್ತದೆ. ಜಜ್ಜಿದ ಮೊಲದ ಚರ್ಮ ಅದಕ್ಕೆ ಅಂಟುತ್ತದೆ. ಮಂಡಿಯೂರಿ ಕೆರೆಯಬೇಕು. ಮಂಡಿ ಸುಡುತ್ತದೆ. ಮಳೆಗಾಲದಲ್ಲಿ ಕರುಳು ನೀರಿನಲ್ಲಿ ಜಾರುತ್ತದೆ, ಚೀಲಕ್ಕೆ ಬರುವುದಿಲ್ಲ, ಕೈಯಲ್ಲೇ ಹಿಡಿಯಬೇಕು. ಎಡಗೈ ಗವಸಿನ ಹೆಬ್ಬೆರಳು ಹರಿದು ನಾಲ್ಕು ತಿಂಗಳಾಗಿತ್ತು. ಹೊಸದು ಬಂದಿರಲಿಲ್ಲ. ಉಗುರಿನ ಸಂದಿಗೆ ಹೋದ ವಾಸನೆ ಸಾಬೂನಿಗೆ ಬಿಡುತ್ತಿರಲಿಲ್ಲ, ಸೀಮೆಎಣ್ಣೆಗೂ ಬಿಡುತ್ತಿರಲಿಲ್ಲ.

ಮೊದಮೊದಲು ಅವಳು ಅದನ್ನು ಅವಮಾನ ಎಂದುಕೊಂಡಿರಲಿಲ್ಲ. ಪುಸ್ತಕದಲ್ಲಿಯೂ ಹಾಗೇ ಇತ್ತು. ಸತ್ತದ್ದನ್ನು ಎತ್ತಬೇಕು, ಇಲ್ಲವಾದರೆ ತಿನ್ನಲಿಕ್ಕೆ ದೊಡ್ಡ ಹಕ್ಕಿಗಳು ಬರುತ್ತವೆ. ತೂಗಬೇಕು, ಅಳೆಯಬೇಕು, ಏನೆಂದು ಗುರುತಿಸಬೇಕು, ಬರೆಯಬೇಕು. ಆದರೆ ಪುಸ್ತಕದಲ್ಲಿ ಎತ್ತುವವರೂ ಬರೆಯುವವರೂ ಸಹಿ ಮಾಡುವವರೂ ಒಬ್ಬರೇ. ಇಲ್ಲಿ ಎತ್ತುವ ಕೈ ಅವಳದು, ಬರೆಯುವ ಕೈ ಅವಳದು, ಸಹಿ ಮಾತ್ರ ಅರುಣಕುಮಾರನದು. ಅವನಿಗೆ ದೊಡ್ಡ ಹಕ್ಕಿಯೆಲ್ಲ ಹದ್ದು, ಸಣ್ಣದೆಲ್ಲ ಗುಬ್ಬಿ.

ಒಮ್ಮೆ ಕ್ಯಾಂಟೀನಿನ ಮೇಲ್ಚಾವಣಿಯಲ್ಲಿ ಬೆಕ್ಕು ಸತ್ತಿತ್ತು. ಅವಳನ್ನೇ ಕರೆದರು.

"ಅದು ವನ್ಯಜೀವಿ ಅಲ್ರಿ ಸರ್. ಬೆಕ್ಕು."

"ಸತ್ತದ ಇಲ್ಲೊ? ಬಾ."

ಜೀಪಿನ ಮುಂದಿನ ಸೀಟು ಖಾಲಿ ಇರುತ್ತಿತ್ತು. ಅವಳು ಹಿಂದೆ, ಚೀಲದ ಪಕ್ಕ. ಚೀಲ ಖಾಲಿ ಇದ್ದ ದಿನವೂ ಹಿಂದೆಯೇ. ಯಾರೂ ಹಾಗೆ ಕೂರು ಎಂದು ಹೇಳಿರಲಿಲ್ಲ. ಹೇಳದೇ ಇದ್ದ ಮಾತುಗಳೇ ಅಲ್ಲಿ ಹೆಚ್ಚು ನಡೆಯುತ್ತಿದ್ದವು.

ಅವಳ ಮನೆ ನಿಲ್ದಾಣದ ಗೋಡೆಗೆ ಹತ್ತಿಕೊಂಡ ಕೇರಿಯಲ್ಲಿ. ನಲವತ್ತಾರು ಮನೆ. ಎಲ್ಲ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಗೆ ಕೂಲಿಗೆ ಬಂದು ನಿಂತವರು. ಅವಳ ಅಜ್ಜ ನಾಮದೇವ ಅಲ್ಲಿಗೆ ಮೊದಲು ಬಂದವರಲ್ಲಿ ಒಬ್ಬ. ಎಂಬತ್ತಾರು ವರ್ಷ. ಕಣ್ಣು ಮಂಜಾಗಿತ್ತು. ಸಂಜೆ ಅವಳ ಹೆಜ್ಜೆ ಕೇಳಿದ ಕೂಡಲೇ ಕೇಳುತ್ತಿದ್ದ.

"ಇವತ್ತ ಎಷ್ಟ್ ಹಕ್ಕಿ ಎಣಿಸಿದಿ, ಯವ್ವಾ?"

"ನೂರಾ ಹನ್ನೆರಡು, ಮುತ್ಯಾ."

"ಭಾಳ ಆದವಲ್ಲ."

ಕೈ ತೊಳೆದುಕೊಂಡೇ ಅವಳು ಅವನ ಹತ್ತಿರ ಹೋಗುತ್ತಿದ್ದಳು. ಎಣಿಸುವುದು ತನ್ನ ಕೆಲಸ ಎಂದು ಸುಳ್ಳು ಹೇಳಿದ್ದಳು. ನಿಜ ಹೇಳುವ ಹಾಗಿರಲಿಲ್ಲ. ನಾಮದೇವ ಯಾರು ಎಂಬುದು ಇಡೀ ಕೇರಿಗೆ ಗೊತ್ತಿತ್ತು. ಅರವತ್ತು ವರ್ಷದ ಹಿಂದೆ, ಕಾಳಗಿಯ ಆಚೆಗಿನ ಒಂದು ಹಳ್ಳಿಯಲ್ಲಿ, ಗೌಡರ ಸತ್ತ ಎತ್ತನ್ನು ಎತ್ತುವುದಿಲ್ಲ ಎಂದವನು. 'ನಾವು ಬುದ್ಧನ ಕಡೆ ಬಂದೀವಿ, ಇನ್ನ ಸತ್ತದ್ದು ಎತ್ತಂಗಿಲ್ಲ' ಎಂದವನು. ಪ್ರತಿ ವರ್ಷ ಜಯಂತಿಯ ದಿನ ಅವನಿಗೆ ಮಾಲೆ ಹಾಕಿ ಮೈಕಿನಲ್ಲಿ ಆ ಕಥೆ ಹೇಳುತ್ತಿದ್ದರು. ಅವನು ತಲೆ ತಗ್ಗಿಸಿ ಕುಳಿತಿರುತ್ತಿದ್ದ. ಮಂದಿ ಅದನ್ನು ವಿನಯ ಎನ್ನುತ್ತಿದ್ದರು.

ಆ ಮಂಗಳವಾರ ಸಂಜೆಯ ವಿಮಾನ ಇಳಿಯುವಾಗ ಮುಂದಿನ ಗಾಜಿಗೆ ಹಕ್ಕಿ ಬಡಿಯಿತು. ಗಾಜು ಸೀಳಿತು. ಪೈಲಟ್ ಹೇಗೋ ನಿಲ್ಲಿಸಿದ. ಐವತ್ತು ಜನ ಬೆವರಿ ಇಳಿದರು.

ಲುಂಬಿನಿ ರನ್‌ವೇ ಮೇಲೆ ಉಳಿದದ್ದನ್ನು ಆರಿಸಿದಳು. ಒಂದು ಉದ್ದನೆಯ ಹಳದಿ ಕಾಲು. ಕಣ್ಣಿನ ಮುಂದಿನ ಕೆಂಪು ಚರ್ಮದ ಚೂರು. ಕಪ್ಪು ಬಿಳಿ ಗರಿ. ಗುರುತಿಸಲಿಕ್ಕೆ ಪುಸ್ತಕ ಬೇಡವಾಗಿತ್ತು. ಟಿಟ್ಟಿಭ; ಊರ ಬಾಯಲ್ಲಿ ಟಿಟವಿ. ಹುಲ್ಲು ಬೋಳಿಸಿದ ನೆಲದಲ್ಲಿ ಹುಳ ಆರಿಸುವ, ಬರೀ ಗರಸಿನ ಮೇಲೆ ಮೊಟ್ಟೆ ಇಡುವ ಹಕ್ಕಿ.

ಹುಲ್ಲನ್ನು ಬೋಳಿಸಿದ್ದು ಹದಿನೈದು ದಿನದ ಹಿಂದೆ. ಯಾರೋ ದೊಡ್ಡವರು ಬರುವವರಿದ್ದರು, ಅವರಿಗೆ ಚೆಂದ ಕಾಣಲೆಂದು. ಲುಂಬಿನಿ ಬೇಡ ಎಂದಿದ್ದಳು. ಗೇಣುದ್ದ ಬಿಡ್ರಿ, ಬೋಳಿಸಿದರ ಟಿಟವಿ ಬರ್ತಾವು ಎಂದು ಬರೆದುಕೊಟ್ಟಿದ್ದಳು. ಅರುಣಕುಮಾರ ನಕ್ಕಿದ್ದ.

"ಹುಲ್ಲಿಂದು ನಂಗ ಹೇಳ್ತಿ? ನಮ್ಮನ್ಯಾಗ ಎಂಟು ಕೂರಿಗಿ ಹೊಲ ಅದ. ನಿಮ್ಮನ್ಯಾಗ ಎಷ್ಟದ?"

ಹುಲ್ಲು ಕತ್ತರಿಸುವ ಟ್ರ್ಯಾಕ್ಟರಿನ ಚಾಲಕ ಗೊಲ್ಲಾಳಪ್ಪ ಗೇರು ಹಾಕಿದ. ಹೇಳಿದಷ್ಟು ಕತ್ತರಿಸಿದ.

ಬುಧವಾರ ಬೆಳಿಗ್ಗೆ ಕೇರಿಯ ಗೋಡೆಗೆ ನೋಟಿಸು ಬಿತ್ತು. ಒಂದೇ ರಾತ್ರಿಯಲ್ಲಿ ಅದು ತಯಾರಾಗಿರಲಿಕ್ಕಿಲ್ಲ. ಎಷ್ಟೋ ದಿನದಿಂದ ಯಾವುದೋ ಡ್ರಾಯರಿನಲ್ಲಿ ಹಕ್ಕಿಗಾಗಿ ಕಾಯುತ್ತಿದ್ದಿರಬೇಕು. ಕೇರಿಯ ಮಾಂಸದಂಗಡಿ ಮತ್ತು ಮನೆಗಳ ಮೇಲೆ ಮಾಂಸ ಒಣಹಾಕುವ ಪದ್ಧತಿಯಿಂದ ಹದ್ದುಗಳು ಬರುತ್ತಿವೆ. ವಿಮಾನಕ್ಕೆ ಅಪಾಯ. ತಜ್ಞರ ವರದಿ ಸೇರಿದ ಮೂವತ್ತು ದಿನದಲ್ಲಿ ತೆರವು. ಜೊತೆಗೊಂದು ಫೋಟೊ. ದೂರದಿಂದ ತೆಗೆದದ್ದು. ತಗಡಿನ ಮೇಲೆ ಕೆಂಪಗೆ ಏನೋ ಹರಡಿದೆ.

ಲುಂಬಿನಿಯ ತಾಯಿ ತುಳಜಾಬಾಯಿ ಆ ಫೋಟೊವನ್ನು ಬಹಳ ಹೊತ್ತು ನೋಡಿದಳು.

"ಇದು ನಮ್ಮ ತಗಡು. ಇವು ನಮ್ಮ ಮೆಣಸಿನಕಾಯಿ."

ಕೋಳಿ ಅಂಗಡಿಯ ಮಾಶಾಬಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳ ಅಂಗಡಿ ಎಂದರೆ ಒಂದು ಪಂಜರ, ಒಂದು ಮರದ ದಿಮ್ಮಿ.

"ನನ್ನ ದುಕಾನಿಗಿ ಹದ್ದು ಬರ್ತಾವಂತ, ಬೇಟಿ. ಇಲ್ಲಿ ಗಿರಾಕಿ ಬರವಲ್ರು, ಹದ್ದು ಎಲ್ಲಿಂದ ಬರ್ತಾವು?"

ಮಂದಿ ನಕ್ಕರು. ನಗು ಬೇಗ ಆರಿತು.

ಅವತ್ತು ಮಧ್ಯಾಹ್ನ ಮ್ಯಾನೇಜರ್ ಸಾಹೇಬ ಲುಂಬಿನಿಯನ್ನು ಒಳಗೆ ಕರೆಸಿದ. ಎರಡು ವರ್ಷದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ಅವಳಿಗೆ ಕುರ್ಚಿ ತೋರಿಸಿದರು. ಅರುಣಕುಮಾರ ಗೋಡೆಗೆ ಒರಗಿ ನಿಂತಿದ್ದ. ಕೊರಳಲ್ಲಿ ದುರ್ಬೀನು.

ಮೇಜಿನ ಮೇಲೆ ಎರಡು ಹಾಳೆ. ಒಂದು, ಹಕ್ಕಿ ಬಡಿದ ವರದಿ. ಹಕ್ಕಿಯ ಜಾತಿ: ಹದ್ದು. ಆಕರ್ಷಣೆಯ ಕಾರಣ: ಕೇರಿ. ಕೆಳಗೆ, ಗುರುತಿಸಿದವರ ಹೆಸರು ಮತ್ತು ವಿದ್ಯಾರ್ಹತೆ. ಆ ಜಾಗ ಖಾಲಿ ಇತ್ತು.

"ತಪಾಸಣಿಯವ್ರು ಬರ್ಲಿಕತ್ತಾರ," ಮ್ಯಾನೇಜರ್ ಹೇಳಿದ. "ನಾಳೆ ಬೆಳಿಗ್ಗಿ ವಿಮಾನಕ್ಕ. ಗುರುತು ಮಾಡಿದವ್ರು ಪ್ರಾಣಿಶಾಸ್ತ್ರ ಓದಿರಬೇಕಂತ. ನಮ್ಮಲ್ಲಿ ಓದಿದವ್ರು ನೀವೊಬ್ರೇ ಇದ್ದೀರಿ."

ನೀವು. ಆ ಮಾತು ಅವಳ ಕಿವಿಗೆ ಬೇರೆ ಯಾರಿಗೋ ಅಂದ ಹಾಗೆ ಕೇಳಿಸಿತು.

"ಅದು ಹದ್ದಲ್ರಿ, ಸರ್. ಟಿಟವಿ. ಕಾಲು ನನ್ನ ಹತ್ರ ಅದ."

"ಹಕ್ಕಿ ಹಕ್ಕಿನೇ," ಅರುಣಕುಮಾರ ಅಂದ. "ಸತ್ತ ಮ್ಯಾಲ ಎಲ್ಲಾ ಒಂದೇ."

ಮ್ಯಾನೇಜರ್ ಎರಡನೆಯ ಹಾಳೆಯನ್ನು ಮುಂದೆ ಸರಿಸಿದ. ವನ್ಯಜೀವಿ ಅಪಾಯ ನಿರ್ವಹಣಾ ಅಧಿಕಾರಿ. ಅವಳ ಹೆಸರು. ಖಾಯಂ ಹುದ್ದೆ. ಬಿಳಿ ಕಾಗದ, ಕಪ್ಪು ಅಕ್ಷರ, ಒಂದು ತಪ್ಪೂ ಇರಲಿಲ್ಲ. ಇದೇ ಕಾಗದಕ್ಕಾಗಿ ಅವಳು ಚಿತ್ತಾಪುರದ ಬಸ್ಸಿನಲ್ಲಿ ನಿಂತುಕೊಂಡು ಐದು ವರ್ಷ ಕಾಲೇಜಿಗೆ ಹೋಗಿದ್ದಳು.

"ವಿಚಾರ ಮಾಡ್ರಿ. ನಾಳಿ ವಿಮಾನ ಇಳಿಯೋದ್ರಾಗ ಸಹಿ ಬೇಕು. ಮನಿ ಹೋದ್ರ ಹೋಗ್ಲಿ, ನಿಮಗ ಕ್ವಾರ್ಟರ್ಸ್ ಕೊಡ್ತೀವಿ."

ಎರಡೂ ಹಾಳೆಗಳನ್ನು ಅವಳು ಚೀಲಕ್ಕೆ ಹಾಕಿಕೊಂಡಳು. ಹಾಗೆ ಹಾಕಿಕೊಂಡದ್ದು ಸಿಟ್ಟಿಗೋ ಆಸೆಗೋ ಅವಳಿಗೇ ತಿಳಿಯಲಿಲ್ಲ. ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಸಂಜೆ ಮನೆಗೆ ಬಂದವಳು ಕೈ ತೊಳೆಯದೆ ನಾಮದೇವನ ಪಕ್ಕ ಕುಳಿತಳು. ಅವನು ಎಷ್ಟು ಹಕ್ಕಿ ಎಂದು ಕೇಳಲಿಲ್ಲ.

"ಇವತ್ತ ಕೈ ತೊಳಕೊಂಡಿಲ್ಲ," ಅಂದ.

ಅವಳು ಕೈಗಳನ್ನು ದುಪಟ್ಟದೊಳಗೆ ಎಳೆದುಕೊಂಡಳು.

"ಆ ವಾಸನಿ ನಂಗ ಗೊತ್ತಿಲ್ಲೇನ, ಯವ್ವಾ? ನನ್ನ ಅಪ್ಪನ ಮೈ ವಾಸನಿ ಅದು. ನೀ ಹೋದ ಮೊದಲನೇ ವಾರಾನೇ ಗೊತ್ತಾತು."

"ಮತ್ತ ದಿನಾ ಹಕ್ಕಿ ಎಷ್ಟಂತ ಯಾಕ ಕೇಳ್ತಿದ್ದಿ?"

"ನೀ ಎಣಿಸೋದನ್ನ ಹೇಳ್ತಿದ್ದ್ಯಲ್ಲ. ಕೇಳ್ಲಿಕ್ಕ ಛಲೋ ಅನಸ್ತಿತ್ತು."

ಅವಳು ಎಲ್ಲ ಹೇಳಿದಳು. ಬೆಕ್ಕು, ಸಲಿಕೆ, ಹಳದಿ ಕಾಲು, ಎರಡು ಹಾಳೆ. ಕೊನೆಗೆ ಅಂದಳು:

"ನಾ ಸಹಿ ಮಾಡಂಗಿಲ್ಲ, ಮುತ್ಯಾ. ಸತ್ತದ್ದು ಎತ್ತಂಗೂ ಇಲ್ಲ ಇನ್ನ. ನೀ ಎತ್ತಲಿಲ್ಲಲ್ಲ, ನಾನೂ..."

"ನಾ ಎತ್ತಿದ್ದೆ."

ಹೊರಗೆ ತುಳಜಾಬಾಯಿ ತಗಡಿನ ಮೇಲಿನ ಮೆಣಸಿನಕಾಯಿ ಬಳಿದು ತುಂಬುತ್ತಿದ್ದ ಸದ್ದು ಬರುತ್ತಿತ್ತು. ನಾಮದೇವ ಆ ಸದ್ದು ನಿಲ್ಲುವ ತನಕ ಕಾದ.

"ಐದು ದಿನ ಎತ್ತಲಿಲ್ಲ. ಅಲ್ಲೀತನಕ ಮೈಕಿನಾಗ ಹೇಳೋದು ಖರೇ. ಬಾವಿ ಬಂದ್ ಮಾಡಿದ್ರು. ಗಿರಣ್ಯಾಗ ಜ್ವಾಳ ಬೀಸಲಿಲ್ಲ. ಕೂಲಿಗಿ ಕರೀಲಿಲ್ಲ. ನಿಮ್ಮ ಆಯಿಗಿ ಎದಿ ಹಾಲು ಬತ್ತಿತು. ಕೂಸು ಅಳೋದು ಬಿಟ್ಟಿತು. ಅಳೋ ಕೂಸು ಛಲೋ, ಯವ್ವಾ. ಅಳೋದು ಬಿಟ್ಟ ಕೂಸಿನ ಮಾರಿ ನೋಡ್ಲಿಕ್ಕ ಆಗಂಗಿಲ್ಲ. ಆರನೇ ದಿನ ಹೊತ್ತು ಮುಳಗೋ ಮುಂದ ಹೋದೆ. ಎತ್ತಿಂದು ಹೊಟ್ಟಿ ಒಡದಿತ್ತು. ಒಬ್ಬನೇ ಎಳದೆ. ಗೌಡ ಕಟ್ಟಿ ಮ್ಯಾಲ ಕುಂತು ನೋಡ್ಲಿಕತ್ತಿದ್ದ. ಏನೂ ಅನ್ನಲಿಲ್ಲ. ಬೈದಿದ್ರ ಛಲೋ ಇತ್ತು."

ಅವನು ಮುಖವನ್ನು ಬಾಗಿಲ ಕಡೆ ತಿರುಗಿಸಿದ.

"ಮರುದಿನ ಊರು ಬಿಟ್ಟೆ. ಎತ್ತಲಿಲ್ಲಂತ ಊರು ಬಿಡಿಸಿದ್ರು ಅಂತಾರ ಮಂದಿ. ನಾ ಎತ್ತಿದ್ನಲ್ಲ, ಅದಕ್ಕ ಬಿಟ್ಟೆ."

"ಕೂಸು?"

"ಶಹಾಬಾದದ ದಾರ್ಯಾಗ ಹೋತು."

ಮಾಲೆ ಹಾಕಿದಾಗಲೆಲ್ಲ ತಗ್ಗಿದ್ದ ಆ ತಲೆ ಅವಳ ಕಣ್ಣ ಮುಂದೆ ಬಂತು. ವಿನಯವಲ್ಲ ಅದು. ಅರವತ್ತು ವರ್ಷ ಅವನು ಅಷ್ಟು ಮಂದಿಯ ನಡುವೆ ಒಬ್ಬನೇ ಕುಳಿತಿದ್ದ.

"ನನ್ನ ನೋಡಿ ಒಲ್ಲೆ ಅನಬ್ಯಾಡ," ನಾಮದೇವ ಅಂದ. "ನಾ ಆತುಕೊಂಡು ನಿಲ್ಲೋ ಗ್ವಾಡಿ ಅಲ್ಲ. ಒಲ್ಲೆ ಅನ್ನೋದಿದ್ರ ನಿನ್ನ ಒಲ್ಲೆ ನೀ ಅನ್ನು. ಎತ್ತೋದಿದ್ರ ಎತ್ತು. ನಾ ಒಂದ್ ಮಾತು ಆಡಂಗಿಲ್ಲ."

ಗುರುವಾರ ಬೆಳಿಗ್ಗೆ ಬಿಸಿಲು ಇನ್ನೂ ಹಳದಿಯಾಗಿತ್ತು. ತಪಾಸಣೆಯವರ ವಿಮಾನಕ್ಕೆ ಇಪ್ಪತ್ತು ನಿಮಿಷ. ಅರುಣಕುಮಾರ ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಎಲ್ಲ ಚೊಕ್ಕ ಇದೆಯೇ ಎಂದು ಕೊನೆಯ ಸಲ ನೋಡಲಿಕ್ಕೆ ಜೀಪನ್ನು ರನ್‌ವೇ ಮೇಲೆ ಓಡಿಸುತ್ತಿದ್ದ. ಲುಂಬಿನಿ ಹಿಂದೆ ಕುಳಿತಿದ್ದಳು.

"ಸಹಿ ಆತಿಲ್ಲೊ?" ಕನ್ನಡಿಯಲ್ಲಿ ನೋಡುತ್ತ ಕೇಳಿದ. "ಆಫೀಸರ್ ಆದ ಮ್ಯಾಲ ನಮ್ಮನ್ನ ಮರಿಬ್ಯಾಡವಾ, ಮೇಡಂ."

ಕನ್ನಡಿಯಲ್ಲಿ ನೋಡುತ್ತಿದ್ದವನಿಗೆ ನಾಯಿ ಕಾಣಲಿಲ್ಲ. ಕಂದು ಬಣ್ಣದ ಹೆಣ್ಣು ನಾಯಿ. ಬಲಗಡೆಯಿಂದ ಓಡಿ ಬಂತು. ಧಡ್ ಎಂದಿತು. ಜೀಪು ಅದರ ಮೇಲೆ ಹತ್ತಿ ಇಳಿಯಿತು.

ಅವನು ಇಳಿದು ಬಂಪರ್ ನೋಡಿದ. ಗಡಿಯಾರ ನೋಡಿದ.

"ಇಳಿ. ಜಲ್ದಿ ಎತ್ತು."

ಲುಂಬಿನಿ ಇಳಿದಳು. ನಾಯಿಯ ಹತ್ತಿರ ಹೋಗಿ ನಿಂತಳು. ಹಾಲು ಕುಡಿಸುವ ನಾಯಿ. ಮೊಲೆ ತುಂಬಿದ್ದವು.

"ಎತ್ತಂಗಿಲ್ಲ," ಅಂದಳು.

"ಏನಂದಿ?"

"ಎತ್ತಂಗಿಲ್ಲ. ಹೊಡದವ್ರು ನೀವು. ನೀವ ಎತ್ರಿ."

ಅವನು ನಕ್ಕ. ಅವಳು ನಗಲಿಲ್ಲ. ಅವನ ನಗು ಮುಖದ ಮೇಲೆಯೇ ಕೆಟ್ಟಿತು.

"ಏ, ತಲಿ ಕೆಟ್ಟದೇನ? ವಿಮಾನ ಬರ್ಲಿಕತ್ತದ. ನಿನ್ನ ಕೆಲಸ ಅದು. ನಿಮ್ಮ ಮಂದಿ ಹುಟ್ಟಿದ್ದೇ..."

ಮಾತು ಅಲ್ಲಿಗೆ ನಿಂತಿತು. ಎರಡು ವರ್ಷದಿಂದ ಅದು ಅಲ್ಲಿಗೇ ನಿಲ್ಲುತ್ತಿತ್ತು. ಹಿಂದಿನ ಸೀಟಿನಲ್ಲಿ ನಿಂತಿತ್ತು. ಕ್ಯಾಂಟೀನಿನಲ್ಲಿ ನಿಂತಿತ್ತು. ಸಂದರ್ಶನದ ಮೇಜಿನ ಆಚೆ ನಿಂತಿತ್ತು.

"ಹೇಳ್ರಿ," ಅಂದಳು. "ಪೂರಾ ಹೇಳ್ರಿ. ಕೇಳ್ಲಿಕತ್ತೀನಿ."

ಅವನು ದೂರದಲ್ಲಿ ಟ್ರ್ಯಾಕ್ಟರ್ ಮೇಲಿದ್ದ ಗೊಲ್ಲಾಳಪ್ಪನ ಕಡೆ ತಿರುಗಿ ಕೂಗಿದ.

"ಗೊಲ್ಲಾಳಪ್ಪಾ! ಟ್ರ್ಯಾಕ್ಟರ್ ತಗೊಂಡು ಬಾ ಇಲ್ಲಿ!"

ಗೊಲ್ಲಾಳಪ್ಪ ಇಬ್ಬರನ್ನೂ ನೋಡಿದ. ಓಡುತ್ತಿದ್ದ ಎಂಜಿನ್ನನ್ನು ಕೈಯಾರೆ ಬಂದ್ ಮಾಡಿದ.

"ಚಾಲೂ ಆಗವಲ್ದ್ರಿ, ಸಾಹೇಬ್ರ!"

ಪೂರ್ವದಲ್ಲಿ ಸದ್ದು ಹುಟ್ಟಿತು. ಚುಕ್ಕೆಯಷ್ಟು ವಿಮಾನ. ಲುಂಬಿನಿ ಜೀಪಿನೊಳಗೆ ಬಾಗಿ ವಾಕಿಟಾಕಿ ಎತ್ತಿಕೊಂಡಳು. ಅದನ್ನು ಮುಟ್ಟುವ ಹಕ್ಕು ಅವಳಿಗಿರಲಿಲ್ಲ. ಹೇಗೆ ಮಾತಾಡಬೇಕೆಂಬುದು ಎರಡು ವರ್ಷ ಹಿಂದೆ ಕುಳಿತು ಕೇಳಿ ಬಾಯಿಗೆ ಬಂದಿತ್ತು.

"ಟವರ್. ರನ್‌ವೇ ಮೇಲೆ ಸತ್ತ ನಾಯಿ ಇದೆ. ತೆರವಾಗಿಲ್ಲ. ವಿಮಾನ ಇಳಿಸಬೇಡಿ."

ಗರಗರ ಸದ್ದು. ಆಮೇಲೆ ಒಂದು ದನಿ: "ಯಾರು ಮಾತಾಡ್ತಿರೋದು?"

"ವನ್ಯಜೀವಿ ಅಪಾಯ ನಿರ್ವಹಣೆ. ಲುಂಬಿನಿ."

ವಿಮಾನ ಇಳಿಯುತ್ತ ಬಂದಿತ್ತು. ಮೂಗು ಮೇಲೆತ್ತಿತು. ಅವರ ತಲೆಯ ಮೇಲಿಂದ ಗುಡುಗುತ್ತ ಹಾದು, ಶಹಾಬಾದಿನ ಕಡೆ ತಿರುಗಿ, ಸುತ್ತು ಹಾಕತೊಡಗಿತು.

ಅರುಣಕುಮಾರನ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಅವನು ಎತ್ತಲಿಲ್ಲ. ದನಿ ಇಳಿಸಿದ.

"ಲುಂಬಿನಿ, ನಮ್ಮವ್ವಾ, ಇದೊಂದ್ ಸಲ ಎತ್ತವ್ವಾ. ನಾನೇ ಹೇಳ್ತೀನಿ ಸಾಹೇಬ್ರಿಗಿ, ಇನ್ನ ಮುಂದ..."

ಅವಳು ಕೈಗವಸು ಬಿಚ್ಚಿ ಜೀಪಿನ ಮುಂಭಾಗದ ಮೇಲಿಟ್ಟಳು.

"ಎಡಗೈದು ಹರದದ. ನಾಕು ತಿಂಗಳಾತು ಕೇಳಿ."

ಅವನು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಗವಸು ತೊಟ್ಟ. ಹಿಂದಿನ ಕಾಲು ಹಿಡಿದು ಎಳೆದ. ಹಾಗೆ ಎಳೆಯಬಾರದು. ಹೊಟ್ಟೆ ಬಾಯಿಬಿಡುತ್ತದೆ. ಬಾಯಿಬಿಟ್ಟಿತು. ಅವನು ಓಕರಿಸಿದ. ಬಿಳಿ ಅಂಗಿಯ ಮೇಲೆ ಹಾಲೂ ರಕ್ತವೂ ಸಿಡಿಯಿತು. ಹರಿದ ಗವಸಿನೊಳಗೆ ಅವನ ಹೆಬ್ಬೆರಳು ಕೆಂಪಾಯಿತು. ಕೊನೆಗೆ ಎರಡೂ ತೋಳಿನಲ್ಲಿ ಅವುಚಿ ಎತ್ತಿದ. ಕೊರಳಿನ ದುರ್ಬೀನು ನಾಯಿಯ ಮೈಗೆ ಉಜ್ಜುತ್ತಿತ್ತು.

ಲುಂಬಿನಿ ಹತ್ತಿರ ಹೋದಳು. ಅವನ ಕೈ ಖಾಲಿ ಇರಲಿಲ್ಲ. ಪಟ್ಟಿಯನ್ನು ಅವನ ತಲೆಯ ಮೇಲಿಂದ ಎತ್ತಿ ತೆಗೆದುಕೊಂಡಳು. ಗಾಜನ್ನು ದುಪಟ್ಟದಿಂದ ಒರೆಸಿದಳು. ಕಣ್ಣಿಗೆ ಹಿಡಿದು ಮೇಲೆ ನೋಡಿದಳು. ವಿಮಾನ ಮೂರನೆಯ ಸುತ್ತಿನಲ್ಲಿತ್ತು. ಕಿಟಕಿಗಳು ಒಂದೊಂದೂ ಕಾಣುತ್ತಿದ್ದವು.

ರನ್‌ವೇ ತೆರವಾಗಿ ವಿಮಾನ ಇಳಿದ ಮೇಲೆ ತಪಾಸಣೆಯವರಿಗೆ ಅವಳು ವರದಿ ಕೊಟ್ಟಳು. ಹದ್ದು ಎಂಬಲ್ಲಿ ಗೆರೆ ಎಳೆದು ಟಿಟ್ಟಿಭ ಎಂದು ಬರೆದಿದ್ದಳು. ಕೇರಿ ಎಂಬಲ್ಲಿ, ಬೋಳಿಸಿದ ಹುಲ್ಲು ಎಂದು. ಜೊತೆಗೆ ಲಕೋಟೆಯಲ್ಲಿ ಹಳದಿ ಕಾಲು. ತಪಾಸಣೆಯವನೊಬ್ಬ ಲಕೋಟೆಯನ್ನು ಎರಡು ಬೆರಳಲ್ಲಿ ಹಿಡಿದು, ವಾಸನೆಗೆ ಮುಖ ತಿರುಗಿಸಿ, ಫೈಲಿನಲ್ಲಿಟ್ಟ. ನೋಡುತ್ತೇವೆ ಎಂದ. ಹತ್ತು ಗಂಟೆಗೆ ಅವಳ ಗೇಟ್ ಪಾಸ್ ಕಿತ್ತುಕೊಂಡರು. ಬೇರೆ ಎಂ.ಎಸ್ಸಿ. ಒಬ್ಬನನ್ನು ಹುಡುಕಲಿಕ್ಕೆ ಅವರಿಗೆ ಎಷ್ಟು ದಿನ ಬೇಕು? ಸೇಡಂನಲ್ಲಿ ಸಿಗುತ್ತಾನೆ, ಚಿಂಚೋಳಿಯಲ್ಲಿ ಸಿಗುತ್ತಾನೆ. ಹಸಿದವರು ಎಲ್ಲ ಕಡೆ ಇದ್ದಾರೆ. ಅದು ಅವಳಿಗೆ ಗೊತ್ತಿತ್ತು. ಕೇರಿಯ ಗೋಡೆಯ ಮೇಲೆ ನೋಟಿಸು ಹಾಗೇ ಇತ್ತು. ಅದರ ಮೇಲಿನ ತಗಡಿನಲ್ಲಿ ತುಳಜಾಬಾಯಿ ಆ ದಿನವೂ ಮೆಣಸಿನಕಾಯಿ ಹರಡಿದ್ದಳು.

ನಾಮದೇವ ಹೆಜ್ಜೆ ಕೇಳಿ ಮುಖವೆತ್ತಿದ. ಹೊತ್ತಲ್ಲದ ಹೊತ್ತಿಗೆ ಬಂದದ್ದಕ್ಕೆ ಏನೂ ಕೇಳಲಿಲ್ಲ.

"ಎಣಿಸಲಿಲ್ಲ, ಮುತ್ಯಾ," ಅವಳೇ ಹೇಳಿದಳು. "ಎತ್ತಲೂ ಇಲ್ಲ."

ಅವನು ಕೈ ಚಾಚಿ ಅವಳ ಕೈ ಹುಡುಕಿ ಹಿಡಿದ. ಮೂಗಿನ ಹತ್ತಿರ ತಂದ. ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದ. ಎರಡು ವರ್ಷದ ವಾಸನೆ ಒಂದು ಬೆಳಿಗ್ಗೆಗೆ ಹೋಗುವಂಥದ್ದಲ್ಲ. ಅವನಿಗೆ ಅದು ಗೊತ್ತಿತ್ತು. ಆದರೂ ಕೈ ಬಿಡಲಿಲ್ಲ.